ಹೆದರಿಸಿ ಪರೀಕ್ಷೆ ಬೇಡ, ಕೇಳದೆ ಕಳಿಸುವುದೂ ಬೇಡ

ಕಳೆದ ತಿಂಗಳು ಒಂದು ಸಂಜೆ, ನೂಲಿನ ಗಿರಣಿಯಲ್ಲಿ ದುಡಿಯುವ ಹಿರಿಯ ಕಾರ್ಮಿಕರೊಬ್ಬರು ನಮ್ಮ ಕಚೇರಿಯ ಮೆಟ್ಟಿಲನ್ನು ಕಷ್ಟಪಟ್ಟು ಹತ್ತಿ ಬಂದರು. ವಯಸ್ಸು ಐವತ್ತಾರು. ಎಡಗಾಲು ಮೊಣಕಾಲಿನಿಂದ ಕೆಳಕ್ಕೆ ಬಾತುಕೊಂಡಿತ್ತು. ಖಾಸಗಿ ಆಸ್ಪತ್ರೆಯೊಂದರಲ್ಲಿ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂದು ಪತ್ತೆಮಾಡಿ ಔಷಧ ಆರಂಭಿಸಿದ್ದರು. ಅಲ್ಲಿಯವರೆಗಿನ ಕೆಲಸ ಸರಿಯಾಗಿಯೇ ನಡೆದಿತ್ತು. ಆದರೆ ಮನೆಗೆ ಕಳಿಸುವಾಗ ಅವರ ಕೈಗೆ ಇನ್ನೊಂದು ಚೀಟಿ ಬಂದಿತ್ತು. ಕಾರಣವಿಲ್ಲದೆ ರಕ್ತ ಹೆಪ್ಪುಗಟ್ಟಿದೆಯಾದುದರಿಂದ ಒಳಗೆಲ್ಲೋ ಕ್ಯಾನ್ಸರ್ ಅಡಗಿರಬಹುದು, ಇಡೀ ಮೈಯ ಸ್ಕ್ಯಾನ್ ಮಾಡಿಸಿಬಿಡಿ ಎಂದು ಬಾಯಿಮಾತಿನ ಉಪದೇಶವೂ ಆಗಿತ್ತು. ಚೀಟಿಯಲ್ಲಿದ್ದ ಪರೀಕ್ಷೆಗಳ ಒಟ್ಟು ಬೆಲೆ ಅವರ ಮೂರು ತಿಂಗಳ ಸಂಬಳವನ್ನು ಮೀರಿತ್ತು. ಮನೆಯಾಕೆಯ ಕೊರಳಿನ ಸರವನ್ನು ಒತ್ತೆ ಇಡಲು ಹೊರಟವರು, ದಾರಿಯಲ್ಲಿ ಒಂದು ಮಾತು ಕೇಳಿ ಹೋಗೋಣವೆಂದು ಬಂದಿದ್ದರು.

"ಸರ ಹೋದರೆ ಹೋಗಲಿ ಸ್ವಾಮಿ. ಇದನ್ನ ಮಾಡಿಸದಿದ್ದರೆ ನಾನು ಸಾಯ್ತೀನಾ? ಅದೊಂದು ಹೇಳಿ ಸಾಕು" ಎಂದರು.

ನಾವು ಡಾಕ್ಟರರಲ್ಲ. ಆ ಪ್ರಶ್ನೆಗೆ ಅಂದು ಉತ್ತರ ಕೊಡುವ ಯೋಗ್ಯತೆ ನಮಗಿರಲಿಲ್ಲ. ಎರಡು ದಿನ ತಡೆಯಿರಿ, ಕೊಟ್ಟಿರುವ ಔಷಧವನ್ನು ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದೆವು. ಬಳಿಕ ತಿಳಿದ ವೈದ್ಯರನ್ನು ಕೇಳಿದೆವು. ಈ ಬಗ್ಗೆ ನಡೆದಿರುವ ಸಂಶೋಧನೆಗಳನ್ನು ಓದಿದೆವು. ಇದು ಒಬ್ಬ ಕಾರ್ಮಿಕನ ಪ್ರಶ್ನೆ ಮಾತ್ರವಲ್ಲ, ನಮ್ಮ ಎಲ್ಲ ವಾಚಕರ ಮನೆಬಾಗಿಲಿಗೆ ಒಂದಲ್ಲ ಒಂದು ದಿನ ಬರಬಹುದಾದ ಪ್ರಶ್ನೆ ಎಂದು ತೋರಿದುದರಿಂದ ಈ ವಾರದ ಅಂಕಣವನ್ನು ಇದಕ್ಕೆ ಮೀಸಲಿಟ್ಟಿದ್ದೇವೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಪ್ರಕೃತಿ ಕೊಟ್ಟ ರಕ್ಷಣೆ. ಆದರೆ ಗಾಯವೇ ಇಲ್ಲದೆ, ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳದ ಒಳಗೆ ಅದು ಹೆಪ್ಪುಗಟ್ಟಿದರೆ ಅಪಾಯ. ಕಾಲಿನಲ್ಲಿ ಕಟ್ಟಿದ ಹೆಪ್ಪಿನ ಒಂದು ತುಣುಕು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಉಸಿರು ಕಟ್ಟಿ ಮನುಷ್ಯ ಸಾಯಲೂಬಹುದು. ಬಹುಪಾಲು ಸಂದರ್ಭಗಳಲ್ಲಿ ಇದಕ್ಕೆ ಕಣ್ಣಿಗೆ ಕಾಣುವ ಕಾರಣವಿರುತ್ತದೆ: ದೊಡ್ಡ ಶಸ್ತ್ರಚಿಕಿತ್ಸೆ, ಮೂಳೆ ಮುರಿದು ಹಾಸಿಗೆ ಹಿಡಿದದ್ದು, ಬಸುರಿ-ಬಾಣಂತಿತನ, ಕೆಲವು ಮಾತ್ರೆಗಳು. ಇಂಥ ಯಾವ ಕಾರಣವೂ ಸಿಗದೆ ಹೆಪ್ಪುಗಟ್ಟಿದಾಗ ಅದನ್ನು ಕಾರಣ ತಿಳಿಯದ ಹೆಪ್ಪು ಎಂದು ವೈದ್ಯರು ಬೇರೆಯಾಗಿ ಎಣಿಸುತ್ತಾರೆ. ಕ್ಯಾನ್ಸರಿನ ಮಾತು ಬರುವುದು ಇಲ್ಲಿಯೇ.

ಆ ಮಾತು ಬರೀ ಕಟ್ಟುಕಥೆಯಲ್ಲ. ಪ್ಯಾರಿಸ್ ನಗರದ ಓತೆಲ್ ದ್ಯು ಆಸ್ಪತ್ರೆಯ ಹೆಸರಾಂತ ವೈದ್ಯ ಆರ್ಮಾಂ ಟ್ರೂಸೋ ಎಂಬಾತ, ಹೀಗೆ ರಕ್ತ ಹೆಪ್ಪುಗಟ್ಟುವವರಲ್ಲಿ ಒಳಗೆ ಅಡಗಿದ ಕ್ಯಾನ್ಸರ್ ಇರುವುದುಂಟೆಂದು 1865ರಲ್ಲಿಯೇ ಉಪನ್ಯಾಸದಲ್ಲಿ ಬೋಧಿಸಿದ್ದ. 1867ರ ಆರಂಭದಲ್ಲಿ ತನ್ನ ಮೈಯಲ್ಲಿಯೇ ಆ ಗುರುತನ್ನು ಕಂಡ ಆತ, ಇನ್ನು ತನಗೆ ಉಳಿವಿಲ್ಲವೆಂದು ಶಿಷ್ಯನಿಗೆ ಹೇಳಿದನಂತೆ. ಅದೇ ವರ್ಷದ ಜೂನ್ 23ರಂದು ಜಠರದ ಕ್ಯಾನ್ಸರಿನಿಂದ ತೀರಿಕೊಂಡ. ಕ್ಯಾನ್ಸರಿನ ಜೀವಕೋಶಗಳು ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುಗಳನ್ನು ಹೊರಸೂಸುತ್ತವೆಂಬುದು ಬಳಿಕ ತಿಳಿದುಬಂದ ಸಂಗತಿ. ಇಟಲಿಯ ಪಡುವಾ ನಗರದ ವೈದ್ಯರೂ ಅವರ ಜೊತೆಗಾರರೂ 1992ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಲೆಕ್ಕದ ಆಧಾರ ಒದಗಿಸಿತು. ಕಾರಣ ತಿಳಿದ ಹೆಪ್ಪಿನ 105 ರೋಗಿಗಳಲ್ಲಿ ಮುಂದೆ ಕ್ಯಾನ್ಸರ್ ಕಂಡುಬಂದದ್ದು ಇಬ್ಬರಲ್ಲಿ. ಕಾರಣ ತಿಳಿಯದ 145 ರೋಗಿಗಳಲ್ಲಿ 11 ಮಂದಿಯಲ್ಲಿ.

ಆದುದರಿಂದ ಚೀಟಿ ಬರೆದ ಆಸ್ಪತ್ರೆಯವರು ಸುಳ್ಳು ಹೇಳಿದರೆಂದು ನಾವು ಹೇಳುವುದಿಲ್ಲ. ಸಂಬಂಧವಿರುವುದು ನಿಜ. ಪ್ರಶ್ನೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಇಂಥ ರೋಗಿಗಳೆಲ್ಲರನ್ನೂ ದೊಡ್ಡ ಯಂತ್ರದೊಳಕ್ಕೆ ಹಾಯಿಸಿ ನೋಡಿದರೆ ಹೆಚ್ಚು ಜೀವ ಉಳಿಯುತ್ತದೆಯೇ? ಉಳಿಯುವುದಾದರೆ ಬಡವನಾದವನು ಸರವನ್ನಷ್ಟೇ ಅಲ್ಲ, ಮನೆಯನ್ನು ಒತ್ತೆ ಇಟ್ಟರೂ ತಪ್ಪಲ್ಲ.

ಈ ಪ್ರಶ್ನೆಯನ್ನು ಊಹೆಗೆ ಬಿಡದೆ ಕೆನಡಾ ದೇಶದ ವೈದ್ಯರು ಒರೆಗೆ ಹಚ್ಚಿ ನೋಡಿದರು. ಅವರ ವರದಿ ಬಂದದ್ದು 2015ರಲ್ಲಿ. ಕಾರಣ ತಿಳಿಯದ ಹೆಪ್ಪಿನ 854 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸರಳವಾದ ತಪಾಸಣೆಯನ್ನು ಮಾತ್ರ ಮಾಡಿದರು. ಇನ್ನೊಂದು ಗುಂಪಿಗೆ ಅದರ ಜೊತೆಗೆ ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸಿ.ಟಿ. ಸ್ಕ್ಯಾನನ್ನೂ ಮಾಡಿದರು. ಒಂದು ವರ್ಷ ಕಾದು ನೋಡಿದಾಗ ಒಟ್ಟು 33 ಮಂದಿಯಲ್ಲಿ, ಎಂದರೆ ನೂರಕ್ಕೆ ನಾಲ್ವರಲ್ಲಿ, ಕ್ಯಾನ್ಸರ್ ಕಂಡಿತು. ಮೊದಲ ತಪಾಸಣೆಯಲ್ಲಿ ತಪ್ಪಿಸಿಕೊಂಡು ಆಮೇಲೆ ಹೊರಬಿದ್ದ ಕ್ಯಾನ್ಸರ್ ಸರಳ ತಪಾಸಣೆಯ ಗುಂಪಿನಲ್ಲಿ ನಾಲ್ಕು, ಸ್ಕ್ಯಾನ್ ಮಾಡಿದ ಗುಂಪಿನಲ್ಲಿ ಐದು. ಕ್ಯಾನ್ಸರಿನಿಂದಾದ ಸಾವಿನಲ್ಲಿಯೂ ಎರಡು ಗುಂಪುಗಳ ನಡುವೆ ಲೆಕ್ಕಕ್ಕೆ ಬರುವ ಅಂತರವಿರಲಿಲ್ಲ. ಇನ್ನೂ ದುಬಾರಿಯಾದ ಪೆಟ್ ಸ್ಕ್ಯಾನನ್ನು ಫ್ರಾನ್ಸಿನವರು 394 ರೋಗಿಗಳಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಅದರಿಂದಲೂ ಖಚಿತವಾದ ಲಾಭ ಸಿದ್ಧವಾಗಲಿಲ್ಲ.

ಇಂಗ್ಲೆಂಡಿನ ಕಥೆಯೂ ತಿಳಿಯತಕ್ಕದ್ದು. ಅಲ್ಲಿ ಸರ್ಕಾರಿ ವೈದ್ಯರಿಗೆ ದಾರಿ ತೋರಿಸುವ ನೈಸ್ ಎಂಬ ಸಂಸ್ಥೆ, ನಲವತ್ತು ದಾಟಿದ ಇಂಥ ರೋಗಿಗಳಿಗೆ ಸಿ.ಟಿ. ಸ್ಕ್ಯಾನ್ ಮಾಡಿಸುವುದನ್ನು ಯೋಚಿಸಿರೆಂದು 2012ರಲ್ಲಿ ಹೇಳಿತ್ತು. ಈ ಅಧ್ಯಯನಗಳೆಲ್ಲ ಬಂದ ಮೇಲೆ, ರೋಗದ ಚಿಹ್ನೆ ಇಲ್ಲದವರಿಗೆ ಕ್ಯಾನ್ಸರ್ ಹುಡುಕುವ ಹೆಚ್ಚಿನ ಪರೀಕ್ಷೆ ಬೇಡವೆಂದು 2020ರಲ್ಲಿ ತನ್ನ ಮಾತನ್ನು ತಿದ್ದಿಕೊಂಡಿತು. ತಪ್ಪನ್ನು ತಿದ್ದಿಕೊಳ್ಳುವುದು ವಿಜ್ಞಾನಕ್ಕೆ ಅವಮಾನವಲ್ಲ, ಅದೇ ಅದರ ಮರ್ಯಾದೆ. ಆದರೆ ಅಲ್ಲಿ ತಿದ್ದಿದ ಮಾತು ನಮ್ಮಲ್ಲಿಯ ಚೀಟಿಗಳಿಗೆ ಇನ್ನೂ ತಲುಪಿಲ್ಲವೇಕೆ? ಸ್ಕ್ಯಾನ್ ಯಂತ್ರಕ್ಕೆ ಹಾಕಿದ ಬಂಡವಾಳ ಹಿಂದಕ್ಕೆ ಬರಬೇಕಾದರೆ ಯಂತ್ರ ಸುಮ್ಮನಿರಕೂಡದು. ಯಂತ್ರ ಸುಮ್ಮನಿರಬಾರದೆಂದರೆ ರೋಗಿಗೆ ಭಯ ಬೇಕು. ಎಲ್ಲ ವೈದ್ಯರೂ ಹೀಗೆಂದು ನಾವು ಹೇಳುವುದಿಲ್ಲ; ರೋಗಿಯನ್ನು ಒಳ್ಳೆಯ ಮನಸ್ಸಿನಿಂದಲೇ ಕಳಿಸುವವರೂ ಬೇಕಾದಷ್ಟು ಮಂದಿ. ಆದರೆ ಲಾಭಕ್ಕಾಗಿ ನಡೆಯುವ ಆಸ್ಪತ್ರೆಯಲ್ಲಿ ಸಲಹೆ ಯಾವುದು, ವ್ಯಾಪಾರ ಯಾವುದು ಎಂದು ಬಡರೋಗಿ ಬೇರ್ಪಡಿಸುವುದು ಹೇಗೆ?

ಸ್ಕ್ಯಾನಿನಿಂದ ಹಣ ಹೋಗುವುದಷ್ಟೇ ಅಲ್ಲ. ಒಳಗೆ ಕಾಣುವ ಸಣ್ಣಪುಟ್ಟ ಗಂಟು, ಕಲೆಗಳಲ್ಲಿ ಎಷ್ಟೋ ನಿರುಪದ್ರವಿಯಾದವು. ಅದು ನಿರುಪದ್ರವಿಯೆಂದು ತಿಳಿಯಲು ಸೂಜಿ ಹಾಕಬೇಕು, ಚೂರು ಕತ್ತರಿಸಿ ತೆಗೆಯಬೇಕು. ಹೆಪ್ಪಿನ ರೋಗಿ ರಕ್ತ ತೆಳುವಾಗಿಸುವ ಔಷಧದಲ್ಲಿರುತ್ತಾನೆ. ಔಷಧ ಮುಂದುವರಿಸಿದರೆ ಸೂಜಿ ಹಾಕಿದಲ್ಲಿ ರಕ್ತ ಸೋರುವ ಅಪಾಯ, ನಿಲ್ಲಿಸಿದರೆ ಮತ್ತೆ ಹೆಪ್ಪುಗಟ್ಟುವ ಅಪಾಯ. ಇಲ್ಲದ ರೋಗವನ್ನು ಹುಡುಕಲು ಹೋಗಿ ಇರುವ ರೋಗವನ್ನು ಕೆಣಕಿದಂತಾಗುತ್ತದೆ.

ಇಷ್ಟನ್ನು ಓದಿ, ಹಾಗಾದರೆ ಪರೀಕ್ಷೆಯೇ ಬೇಡ, ಮಾತ್ರೆ ನುಂಗಿ ಮನೆಯಲ್ಲಿದ್ದರಾಯಿತು ಎಂದು ಯಾರೂ ತಿಳಿಯಬಾರದು. ಹಾಗೆ ತಿಳಿದವರಿಗೆ ನಾವು ಇನ್ನೊಂದು ಮನೆಯ ಕಥೆ ಹೇಳಬೇಕಾಗಿದೆ. ನಮ್ಮ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಸುಮಾರು ಅರವತ್ತು ವರ್ಷದ ವ್ಯಾಪಾರಿಯೊಬ್ಬರಿಗೆ ಎರಡು ವರ್ಷಗಳ ಹಿಂದೆ ಇದೇ ರೀತಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ಎರಡೇ ನಿಮಿಷ ನೋಡಿ ಮಾತ್ರೆ ಬರೆದು ಕಳಿಸಿದರು. ಊಟ ಸೇರುತ್ತದೆಯೇ, ಮೈ ಇಳಿದಿದೆಯೇ ಎಂದು ಯಾರೂ ಕೇಳಲಿಲ್ಲ. ಹೊಟ್ಟೆಯ ಮೇಲೆ ಯಾರೂ ಕೈ ಇಟ್ಟು ನೋಡಲಿಲ್ಲ. ರಕ್ತದ ಸಾಮಾನ್ಯ ಪರೀಕ್ಷೆಯೂ ಆಗಲಿಲ್ಲ. ಅಂಗಿ ಸಡಿಲವಾಗುತ್ತಿದ್ದುದನ್ನು ಮನೆಯವರು ಕಂಡಿದ್ದರು. ಕೇಳಿದ್ದರೆ ಹೇಳುತ್ತಿದ್ದರು. ಎಂಟು ತಿಂಗಳ ಬಳಿಕ ಜಠರದ ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲೇ ತಿಳಿದಿದ್ದರೆ ಅವರು ಬದುಕುತ್ತಿದ್ದರೆಂದು ನಾವು ಹೇಳಲಾರೆವು. ಹಾಗೆ ಯಾರೂ ಹೇಳಲಾರರು. ಆದರೆ ಕೇಳಲೇ ಇಲ್ಲವಲ್ಲ ಎಂಬ ಕೊರಗು ಆ ಮನೆಯಲ್ಲಿ ಇಂದಿಗೂ ಹೋಗಿಲ್ಲ.

ನಮ್ಮ ವಾದದ ತಿರುಳು ಇದು. ಕೆನಡಾದಲ್ಲಿ ಸಾಕೆಂದು ಸಿದ್ಧವಾದ "ಸರಳ ತಪಾಸಣೆ" ಎಂದರೆ ತಪಾಸಣೆಯ ಅಭಾವವಲ್ಲ. ರೋಗಿಯ ಪೂರ್ವಕಥೆಯನ್ನು ಕುಳಿತು ಕೇಳುವುದು, ಮೈಯನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸುವುದು, ರಕ್ತಕಣಗಳ ಎಣಿಕೆ, ಮೂತ್ರಪಿಂಡ ಮತ್ತು ಯಕೃತ್ತಿನ ಕೆಲಸ ತಿಳಿಸುವ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಇದರ ಮೇಲೆ ವಯಸ್ಸಿಗೂ ಲಿಂಗಕ್ಕೂ ತಕ್ಕಂತೆ ಸ್ತನ, ಗರ್ಭಕಂಠ, ಪ್ರಾಸ್ಟೇಟ್ ಗ್ರಂಥಿಗಳ ತಪಾಸಣೆ. ಇಷ್ಟೂ ನಿಷ್ಠೆಯಿಂದ ನಡೆದ ಮೇಲೆ ಸ್ಕ್ಯಾನ್ ಹೆಚ್ಚಿಗೆ ಏನನ್ನೂ ಸೇರಿಸಲಿಲ್ಲ ಎಂಬುದು ಅಲ್ಲಿಯ ತೀರ್ಮಾನ. ಈ ಸರಳ ತಪಾಸಣೆಯನ್ನೇ ಮಾಡದೆ, ಸ್ಕ್ಯಾನೂ ಬೇಡವೆಂದು ಹೇಳುವುದು ಆ ತೀರ್ಮಾನಕ್ಕೆ ಮಾಡುವ ಅಪಚಾರ. ಹಣವುಳ್ಳವನಿಗೆ ಬೇಡದ ಪರೀಕ್ಷೆ, ಹಣವಿಲ್ಲದವನಿಗೆ ಬೇಕಾದ ಪರೀಕ್ಷೆಯೂ ಇಲ್ಲ. ಇದು ನಮ್ಮ ಊರಿನ ಇಂದಿನ ಸ್ಥಿತಿ.

ವಯಸ್ಸಿನ ಮಾತನ್ನೂ ಮರೆಯಬಾರದು. ಹತ್ತು ಅಧ್ಯಯನಗಳ 2,316 ರೋಗಿಗಳ ವಿವರವನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಂತೆ, ಕಾರಣ ತಿಳಿಯದ ಹೆಪ್ಪಿನ ನೂರು ಮಂದಿಯಲ್ಲಿ ಸುಮಾರು ಐವರಿಗೆ ಒಂದು ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾಗುತ್ತದೆ. ಐವತ್ತು ದಾಟಿದವರಲ್ಲಿ ಈ ಸಂಖ್ಯೆ ನೂರಕ್ಕೆ ಏಳರ ಸಮೀಪ; ಐವತ್ತರ ಕೆಳಗಿನವರಲ್ಲಿ ನೂರಕ್ಕೆ ಒಂದು. ಎಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಆ ವರ್ಷ ಕ್ಯಾನ್ಸರ್ ಕಾಣುವುದಿಲ್ಲ. ಹೆದರಿ ಕಂಗಾಲಾಗುವ ಕಾರಣವಿಲ್ಲ. ಆದರೆ ಐವತ್ತು ದಾಟಿದವನನ್ನು ಎರಡು ನಿಮಿಷದಲ್ಲಿ ಕಳಿಸುವುದಕ್ಕೂ ಕಾರಣವಿಲ್ಲ.

ಇವೆಲ್ಲ ಹೊರದೇಶದ ಲೆಕ್ಕ, ನಮ್ಮ ಜನರಿಗೆ ಹೊಂದುವುದೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಮಾತೇ. ನಮ್ಮಲ್ಲಿ ಬಾಯಿ ಮತ್ತು ಗರ್ಭಕಂಠದ ಕ್ಯಾನ್ಸರ್ ಅಲ್ಲಿಗಿಂತ ಹೆಚ್ಚು. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು, ಗುಟ್ಕಾ, ಬೀಡಿಗಳು ಗಿರಣಿಯ ಬಾಗಿಲಲ್ಲಿಯೇ ಮಾರಾಟವಾಗುತ್ತಿರುವುದನ್ನು ದಿನವೂ ನೋಡುತ್ತಿದ್ದೇವೆ. ಆದರೆ ಬಾಯಿಯನ್ನು ನೋಡಲು ಒಂದು ಟಾರ್ಚು, ಒಂದು ಜೊತೆ ಕೈಚೀಲ, ನೋಡುವ ಮನಸ್ಸು ಸಾಕು. ಗರ್ಭಕಂಠದ ತಪಾಸಣೆಗೂ ದೊಡ್ಡ ಯಂತ್ರ ಬೇಕಿಲ್ಲ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠಗಳ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿಯೇ ಇದೆ. ಕಾಗದದಲ್ಲಿರುವುದು ಕೈಗೆ ಬರಬೇಕು, ಅಷ್ಟೇ. ನಮ್ಮ ಜನರಿಗೆ ಬೇಕಾದುದು ವೈದ್ಯನ ಕಣ್ಣು, ಕೈ, ಕಿವಿ.

ಇನ್ನು ಖರ್ಚು ಯಾರದು ಎಂಬ ಪ್ರಶ್ನೆ. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಯಾರ ಧರ್ಮವೂ ಅಲ್ಲ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಸಾವಿರ ರೂಪಾಯಿ ಕೂಲಿಗೆ ಏಳೂವರೆ ರೂಪಾಯಿ ಕಾರ್ಮಿಕನ ಕೈಯಿಂದ, 32 ರೂಪಾಯಿ 50 ಪೈಸೆ ಮಾಲೀಕನ ಕೈಯಿಂದ ಅದಕ್ಕೆ ಸೇರುತ್ತದೆ. ಮಾಲೀಕನ ಪಾಲೂ ದುಡಿಮೆಯಿಂದಲೇ ಹುಟ್ಟಿದ್ದೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಮೊದಲೇ ಹಣ ಕಟ್ಟಿದ ಕಾರ್ಮಿಕ ರಕ್ತಪರೀಕ್ಷೆಗಾಗಿ ಯಾರ ಮುಂದೆಯೂ ಕೈ ಒಡ್ಡಬೇಕಾಗಿಲ್ಲ. ಸಣ್ಣ ವ್ಯಾಪಾರಿಯ ಪಾಡು ಇನ್ನೂ ಕಷ್ಟ. ಅವನಿಗೆ ಇ.ಎಸ್.ಐ. ಇಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವುಂಟು, ಎ.ಪಿ.ಎಲ್. ಚೀಟಿಯವನಿಗೆ ನಿಗದಿಯಾದ ವೆಚ್ಚದ ನೂರಕ್ಕೆ ಮೂವತ್ತು ಮಾತ್ರ. ಅದೂ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರ ಚಿಕಿತ್ಸೆಗೆ. ಕಾಲು ಬಾತುಕೊಂಡು ನಡೆದೇ ಬರುವ ಹೊರರೋಗಿಯ ಪರೀಕ್ಷೆಗೆ ಸಣ್ಣ ಅಂಗಡಿಯವನು ಗಲ್ಲಾಪೆಟ್ಟಿಗೆಯನ್ನೇ ಬರಿದುಮಾಡಬೇಕಾಗುತ್ತದೆ.

ಆದುದರಿಂದ ನಮ್ಮ ಒತ್ತಾಯಗಳು ಇವು. ಒಂದು, ಕಾರಣ ತಿಳಿಯದ ಹೆಪ್ಪಿನ ಪ್ರತಿಯೊಬ್ಬ ರೋಗಿಗೂ ಜಿಲ್ಲಾ ಆಸ್ಪತ್ರೆಯಲ್ಲಿಯೂ ಇ.ಎಸ್.ಐ. ಆಸ್ಪತ್ರೆಯಲ್ಲಿಯೂ ಮೇಲೆ ಹೇಳಿದ ಸರಳ ತಪಾಸಣೆ ಉಚಿತವಾಗಿ, ಪೂರ್ಣವಾಗಿ ನಡೆಯಬೇಕು. ಏನನ್ನು ಕೇಳಿದರು, ಏನನ್ನು ನೋಡಿದರು ಎಂಬುದನ್ನು ಬರೆದ ಹಾಳೆ ರೋಗಿಯ ಕೈಗೆ ಬರಬೇಕು. ಎರಡು, ಆ ತಪಾಸಣೆಯಲ್ಲಿ ಅನುಮಾನಕ್ಕೆ ಎಡೆ ಕಂಡರೆ ಸ್ಕ್ಯಾನ್ ಆಗಲಿ, ಇನ್ನಾವುದೇ ಪರೀಕ್ಷೆಯಾಗಲಿ, ತಡಮಾಡದೆ ಸರ್ಕಾರದ ಖರ್ಚಿನಲ್ಲಿ ಆಗಬೇಕು. ಬೇಡದವರಿಗೆ ಉಳಿಸಿದ ಯಂತ್ರದ ವೇಳೆ ಬೇಕಾದವರಿಗೆ ಸಿಗಬೇಕು. ಮೂರು, ಖಾಸಗಿ ಆಸ್ಪತ್ರೆ ಸ್ಕ್ಯಾನ್ ಬರೆದರೆ ಯಾವ ಚಿಹ್ನೆಯನ್ನು ಕಂಡು ಬರೆದೆವೆಂಬುದನ್ನು ಚೀಟಿಯಲ್ಲಿಯೇ ನಮೂದಿಸಬೇಕು. ನಾಲ್ಕು, ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯನ್ನು ಮಾಲೀಕರ ಕರ್ತವ್ಯಗಳಲ್ಲಿ ಸೇರಿಸಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಮಾತು ನಮ್ಮ ಗಿರಣಿಗಳ ಒಳಗೂ ಕಾಲಿಡಬೇಕು. ಈ ನಾಲ್ಕರಲ್ಲಿ ಯಾವುದೂ ಆಕಾಶದ ಹಣ್ಣಲ್ಲ.

ವಾಚಕರಿಗೂ ಎರಡು ಮಾತು. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋವು ಬಂದರೆ, ಉಸಿರು ಕಟ್ಟಿ ಎದೆ ನೋವು ಬಂದರೆ ಪಾಳಿ ಮುಗಿಯಲೆಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಹೆಪ್ಪಿಗೆ ಕೊಟ್ಟ ಔಷಧವನ್ನು ಸಾಮಾನ್ಯವಾಗಿ ಮೂರು ತಿಂಗಳಾದರೂ ತೆಗೆದುಕೊಳ್ಳಬೇಕಾಗುತ್ತದೆ. ಬಾವು ಇಳಿಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರರು ಕೇಳದಿದ್ದರೆ ನೀವೇ ಹೇಳಿ: ತೂಕ ಇಳಿದಿದೆಯೇ, ಊಟ ಸೇರುತ್ತಿಲ್ಲವೇ, ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಂಡಿದೆಯೇ, ಬಿಡದ ಕೆಮ್ಮಿದೆಯೇ, ಬಾಯಿಯಲ್ಲಿ ಮಾಯದ ಹುಣ್ಣಿದೆಯೇ, ಎಲ್ಲಾದರೂ ಗಂಟು ಕೈಗೆ ಸಿಗುತ್ತದೆಯೇ. ತಾಯಂದಿರು ಮುಟ್ಟು ನಿಂತ ಬಳಿಕ ರಕ್ತ ಕಂಡಿದ್ದರೆ ನಾಚಿಕೆಯಿಂದ ಮುಚ್ಚಿಡಬಾರದು. ಇವುಗಳಲ್ಲಿ ಯಾವುದಾದರೂ ಇದ್ದರೆ ಮುಂದಿನ ಪರೀಕ್ಷೆ ನಿಮಗೆ ಬೇಕು. ಆಗ ಅದನ್ನು ತಪ್ಪಿಸಿಕೊಳ್ಳಬೇಡಿ. ಯಾವುದೂ ಇಲ್ಲದೆ ಸ್ಕ್ಯಾನ್ ಬರೆದರೆ, "ನನ್ನಲ್ಲಿ ಏನು ಕಂಡು ಇದನ್ನು ಬರೆದಿರಿ?" ಎಂದು ಮರ್ಯಾದೆಯಿಂದಲೇ ಕೇಳಿ. ಆ ಪ್ರಶ್ನೆ ಕೇಳುವುದು ಉದ್ಧಟತನವಲ್ಲ.

ನಮ್ಮ ಕಚೇರಿಗೆ ಬಂದ ಆ ಕಾರ್ಮಿಕರನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಯುವ ವೈದ್ಯೆಯೊಬ್ಬರು ಇಪ್ಪತ್ತು ನಿಮಿಷ ಕುಳಿತು ಎಲ್ಲವನ್ನೂ ಕೇಳಿದರು, ಬಾಯಿಗೆ ಟಾರ್ಚು ಹಿಡಿದು ನೋಡಿದರು, ಹೊಟ್ಟೆಯನ್ನು ಒತ್ತಿ ನೋಡಿದರು, ರಕ್ತವನ್ನೂ ಎಕ್ಸ್‌ರೇಯನ್ನೂ ಮಾಡಿಸಿದರು. ಅನುಮಾನಪಡುವಂಥದ್ದೇನೂ ಸಿಗಲಿಲ್ಲ. ಔಷಧ ಮುಂದುವರಿಸಿ, ಮೂರು ತಿಂಗಳಿಗೆ ಬನ್ನಿ, ನಡುವೆ ಏನಾದರೂ ಕಂಡರೆ ಅಂದೇ ಬನ್ನಿ ಎಂದು ಕಳಿಸಿದರು. ಇನ್ನು ಮುಂದೆ ಕ್ಯಾನ್ಸರ್ ಬರುವುದೇ ಇಲ್ಲವೆಂದು ಅವರಿಗೆ ಯಾರೂ ಆಣೆ ಇಟ್ಟು ಹೇಳಲಾರರು. ಮೂರು ತಿಂಗಳ ಸಂಬಳ ಸುರಿದಿದ್ದರೂ ಹೇಳುತ್ತಿರಲಿಲ್ಲ. ಸರ ಮನೆಯಲ್ಲಿಯೇ ಉಳಿದಿದೆ.

ಆ ದಿನ ಆ ವೈದ್ಯೆ ಅಲ್ಲಿದ್ದುದು, ಅವರ ಬಾಗಿಲಲ್ಲಿ ಸಾಲು ಚಿಕ್ಕದಾಗಿದ್ದುದು, ಜೊತೆಗೆ ನಾವು ಹೋದದ್ದು, ಇವೆಲ್ಲ ಅವರ ಅದೃಷ್ಟ. ರೋಗಿಯ ಇಪ್ಪತ್ತು ನಿಮಿಷ ಅದೃಷ್ಟಕ್ಕೆ ಬಿಡತಕ್ಕ ವಸ್ತುವಲ್ಲ. ಅದು ಪ್ರತಿಯೊಬ್ಬ ದುಡಿಯುವವನ ಹಕ್ಕಾಗಬೇಕು. ಅದಕ್ಕೆ ಬೇಕಾದಷ್ಟು ವೈದ್ಯರನ್ನೂ ದಾದಿಯರನ್ನೂ ಜಿಲ್ಲಾ ಆಸ್ಪತ್ರೆಗೆ ನೇಮಿಸುವ ಹೊಣೆ ಸರ್ಕಾರದ್ದು. ಆ ಹೊಣೆಯನ್ನು ನೆನಪಿಸುವ ಮನವಿಯನ್ನು ಕಾರ್ಮಿಕ ಸಂಘಗಳೂ ವರ್ತಕರ ಸಂಘವೂ ಒಟ್ಟಾಗಿ ಜಿಲ್ಲಾಧಿಕಾರಿಗಳಿಗೆ ಒಪ್ಪಿಸಬೇಕೆಂದು ನಾವು ಕರೆಕೊಡುತ್ತೇವೆ.